ಆಯುಧಪೂಜೆಯ ದಿನ ಕಿತ್ತ ವೈರು

ಸಿ.ಡಿ. ಅಂದರೆ ಏನೆಂದು ಈಗಿನ ಮಕ್ಕಳಿಗೆ ಬಿಡಿಸಿ ಹೇಳಬೇಕು. ನಮ್ಮ ಕಾಲದಲ್ಲಿ ಹಾಡು, ಸಿನಿಮಾ, ಮದುವೆ ಫೋಟೋ ಎಲ್ಲವೂ ಆ ಹೊಳೆಯುವ ತಟ್ಟೆಯಲ್ಲೇ ಬರುತ್ತಿದ್ದವು. ಹಾಳಾದವಕ್ಕೆ ದಾರ ಕಟ್ಟಿ, ಹಕ್ಕಿ ಬೆದರಲೆಂದು ಹೊಲದಲ್ಲಿ ತೂಗುಬಿಡುತ್ತಿದ್ದೆವು. ಆಗ ಹನೂರಿನಲ್ಲಿ ನಮ್ಮಪ್ಪನದು ಹಿಟ್ಟಿನ ಗಿರಣಿ. ಶಾಲೆ ಬಿಟ್ಟು ಬರುವಾಗ ಬೀದಿಯ ತಿರುವಿನಲ್ಲೇ ಬಿಸಿ ರಾಗಿಹಿಟ್ಟಿನ ವಾಸನೆ ಮೂಗಿಗೆ ಬಡಿಯುತ್ತಿತ್ತು. ನಾನು, ನಮ್ಮಕ್ಕ ಸುಮ, ಹಿಟ್ಟು ಕವಿದ ನೆಲದ ಮೇಲೆ ಬೆರಳಲ್ಲೇ ಮನೆ ಗೀಚಿ, ಹುಣಸೆಬೀಜ ಉರುಳಿಸಿ ಚೌಕಾಬಾರ ಆಡುತ್ತಿದ್ದೆವು.

ಅಕ್ಕ ಪಿಯುಸಿ ಮುಗಿಸಿ ಕೊಳ್ಳೇಗಾಲದಲ್ಲಿ ಕಂಪ್ಯೂಟರ್ ಕಲಿತಳು. ಯಾರೋ ಮಾರಿದ ಹಳೆಯ ಕಂಪ್ಯೂಟರೊಂದು ಗಿರಣಿಯ ಪಕ್ಕದ ಕೋಣೆಗೆ ಬಂತು. ಬಿಸಿಯಾಗುತ್ತದೆಂದು ಅದರ ಪಕ್ಕದ ಮುಚ್ಚಳವನ್ನು ತೆಗೆದೇ ಇಟ್ಟಿದ್ದಳು. ಮದುವೆ ಫೋಟೋ ಜೋಡಿಸಿ ಆಲ್ಬಮ್ ಮಾಡುವುದರಲ್ಲಿ ಅವಳ ಕೈ ಪಳಗಿತ್ತು. ಕೊಳ್ಳೇಗಾಲದ ಸ್ಟುಡಿಯೋದ ಮಾದೇಶಣ್ಣ, ಒಂದು ಮದುವೆಯದು ಮಾಡಿಕೊಡು, ಚೆನ್ನಾಗಿ ಬಂದರೆ ವರ್ಷಪೂರ್ತಿ ಕೆಲಸ ಕೊಡುತ್ತೇನೆ ಎಂದಿದ್ದರು. ಅದೇ ಹೊತ್ತಿಗೆ ಯಳಂದೂರಿನ ಹತ್ತಿರದ ಅಗರದಿಂದ ಅವಳಿಗೆ ಗಂಡು ಬಂದಿತ್ತು.

"ನಂಗೀಗ್ಲೇ ಬ್ಯಾಡ ಕಣಪ್ಪ," ಅಂದಳು ಅಕ್ಕ.

"ಆ ಪೆಟ್ಗೆ ನಿಂಗೆ ಅನ್ನ ಆಕ್ತದಾ?"

"ಆಕ್ತದೆ. ನೋಡ್ತಿರು."

ಅಪ್ಪನಿಗೆ ನಗು ಬಂತು. "ಸರಿ, ಈ ಕೆಲ್ಸ ಮಾಡ್ಕೊಟ್ಬುಡು. ಅಗರದೋರ್ಗೆ ಬ್ಯಾಡ ಅಂತ ಏಳ್ತೀನಿ. ಆಗ್ನಿಲ್ವಾ, ಸುಮ್ನೆ ಒಪ್ಕೋಬೇಕು."

ಆಯುಧಪೂಜೆಯ ದಿನ ಬೆಳಿಗ್ಗೆಯೇ ಅಕ್ಕ ಫೋಟೋಗಳ ಸಿ.ಡಿ. ತರಲು ಕೊಳ್ಳೇಗಾಲದ ಬಸ್ಸು ಹತ್ತಿದಳು. ನಮ್ಮ ಗಿರಣಿಯಲ್ಲಿ ಆ ದಿನ ಮಿಷನ್ನಿಗೆ ಹೂ ಮುಡಿಸಿ ಕೈಮುಗಿದರೆ ಸಾಲದು. ಅಪ್ಪ ಬೆಲ್ಟ್ ಕಳಚಿ, ನಟ್ಟು ಬಿಚ್ಚಿ, ಬೀಸುವ ಕಲ್ಲನ್ನೂ ಎತ್ತಿಟ್ಟು, ಒಂದೊಂದನ್ನೇ ಒರೆಸಿ, ವಿಭೂತಿ ಬಳಿದು ಮತ್ತೆ ಜೋಡಿಸುತ್ತಿದ್ದ. ಬಿಚ್ಚಿ ಒರೆಸದೆ ಮಾಡಿದ್ದು ಪೂಜೆಯೇ ಅಲ್ಲ ಅನ್ನುತ್ತಿದ್ದ. ಅಕ್ಕನ ಕಂಪ್ಯೂಟರಿಗೂ ಹಾಗೆಯೇ ಪೂಜೆಯಾಗಲಿ, ಬಂದವಳು ನೋಡಿ ಖುಷಿಪಡಲಿ ಅನ್ನಿಸಿ ತೆರೆದ ಪಕ್ಕದಿಂದ ಕೈ ಹಾಕಿದೆ. ಸಿ.ಡಿ. ಡ್ರೈವಿನ ಹಿಂದೆ ಎರಡು ವೈರಿದ್ದವು. ಕರೆಂಟಿನದು ಎಷ್ಟು ಎಳೆದರೂ ಬರಲಿಲ್ಲ. ಬೂದು ಬಣ್ಣದ ಅಗಲ ಪಟ್ಟಿಯಂಥದ್ದು ಬಂತು. ಅದು ಕೂರುವ ಜಾಗದಲ್ಲಿ ಬಾಚಣಿಗೆಯ ಹಲ್ಲಿನಂಥ ಸಣ್ಣ ಪಿನ್ನುಗಳು. ಹಿಟ್ಟಿನ ಧೂಳು ಒರೆಸಿ ಪಟ್ಟಿಯನ್ನು ತಿರುಗಿ ಸಿಕ್ಕಿಸಲು ಹೋದರೆ ಕೂರಲಿಲ್ಲ. ಹೆಬ್ಬೆರಳಿಂದ ಬಲವಾಗಿ ಒತ್ತಿದೆ. ಏನೋ ಸಣ್ಣಗೆ ಬಗ್ಗಿದಂತಾಗಿ ಒಳಗೆ ಹೋಯಿತು. ಬಗ್ಗಿದ್ದು ನನ್ನ ಬೆರಳಿಗೆ ಗೊತ್ತಾಯಿತು. ಹೊರಗಡೆ ಮೂರು ಗೆರೆ ವಿಭೂತಿ ಎಳೆದು, ಮೇಲೊಂದು ಸೇವಂತಿಗೆ ಇಟ್ಟು ಓಡಿದೆ.

ಅಕ್ಕ ಬಂದವಳು ಅದನ್ನು ನೋಡಿ ನಕ್ಕಳು. "ಏನಮ್ಮಿ, ನನ್ ಕಂಪ್ಯೂಟ್ರುನ್ನ ಐನೋರ್ನ ಮಾಡ್ಬುಟ್ಟಿದ್ದೀಯ!"

ಗುಂಡಿ ಒತ್ತಿದಳು. ಡ್ರೈವು ಬಾಯಿ ತೆರೆದು ಸಿ.ಡಿ. ನುಂಗಿತು. ದೀಪ ಮಿನುಗಿತು, ತಟ್ಟೆ ತಿರುಗುವ ಸದ್ದೂ ಕೇಳಿತು. ಪರದೆಯ ಮೇಲೆ ಮಾತ್ರ ಆ ಡ್ರೈವಿನ ಹೆಸರೇ ಇರಲಿಲ್ಲ. ಅಂಥದ್ದೊಂದು ಇದೆ ಎಂಬುದೇ ಕಂಪ್ಯೂಟರಿಗೆ ತಿಳಿಯದು. ಆಫ್ ಮಾಡಿ ಆನ್ ಮಾಡಿದಳು. ಒಳಗೆ ಕೈಹಾಕಿ ವೈರುಗಳನ್ನು ಅಲ್ಲಾಡಿಸಿ ನೋಡಿದಳು. ಬಿಗಿಯಾಗಿಯೇ ಇದ್ದವು.

"ಒಳ್ಗೆ ಏನಾರ ಮುಟ್ಟಿದ್ದಾ?"

"ಇಲ್ಲ ಕಣಕ್ಕ. ಊವ ಮಡ್ಗಿದ್ದಷ್ಟೆ."

ಅವಳು ನಂಬಿದಳು. "ನೆನ್ನೆ ಏನೇನೋ ಅಳಿಸ್ದೆ, ನಾನೇ ಏನೋ ಕೆಡಿಸಿರ್ಬೇಕು," ಅಂದುಕೊಂಡಳು. ಕಾಯಿನ್ ಫೋನಿನಿಂದ ಕಂಪ್ಯೂಟರ್ ಹೇಳಿಕೊಟ್ಟ ಮೇಷ್ಟರನ್ನು ಕೇಳಿದಳು. ವಿಂಡೋಸ್ ತೆಗೆದು ಮತ್ತೆ ಹಾಕು ಅಂದರಂತೆ. ಹಾಕಬೇಕೆಂದರೆ ಅದೂ ಸಿ.ಡಿ.ಯಲ್ಲೇ ಇತ್ತು, ಅದಕ್ಕೂ ಆ ಡ್ರೈವೇ ಬೇಕಿತ್ತು. ರಿಪೇರಿ ಅಂಗಡಿ ಹಬ್ಬಕ್ಕೆ ಬಾಗಿಲು ಹಾಕಿತ್ತು. ಅಕ್ಕ ಊಟಕ್ಕೂ ಏಳದೆ ಅದರ ಮುಂದೆ ಕೂತಳು. ನಾನು ಬಾಗಿಲ ಮರೆಯಲ್ಲಿ ಬಾಳೆಹಣ್ಣಿನ ರಸಾಯನದ ಲೋಟ ಹಿಡಿದು ನಿಂತಿದ್ದೆ. ವೈರು ಕಿತ್ತಿದ್ದು ನಾನೇ ಅಂದಿದ್ದರೆ ಸಾಕಿತ್ತು, ಅವಳು ಅದನ್ನು ಎಳೆದು ನೋಡುತ್ತಿದ್ದಳು. ಅನ್ನಲಿಲ್ಲ.

ಹಬ್ಬ ಮುಗಿದದ್ದೇ ಮಾದೇಶಣ್ಣ ಬೈಕಿನಲ್ಲಿ ಬಂದರು. "ತೆಪ್ ತಿಳ್ಕಬ್ಯಾಡ ಕಣವ್ವ, ಮದ್ವೆ ಮನೆಯೋರು ಕುತ್ಗೆ ಮೇಲ್ ಕುಂತವ್ರೆ," ಎಂದು ಸಿ.ಡಿ. ತೆಗೆದುಕೊಂಡು ಹೋದರು. ಆ ಕೆಲಸ ಬೇರೆ ಯಾರಿಗೋ ಹೋಯಿತು.

ಅಪ್ಪ ಹಂಗಿಸಲಿಲ್ಲ. "ಅಗರದೋರ್ಗೆ ಬರಾಕೆ ಏಳ್ಲಾ?" ಎಂದಷ್ಟೇ ಕೇಳಿದ.

"ಊಂ," ಅಂದಳು ಅಕ್ಕ.

ಅವಳ ಮದುವೆಯಾದ ಮೇಲೆ ಅಪ್ಪ ಕಂಪ್ಯೂಟರನ್ನು ಮಾರಲು ಕೊಳ್ಳೇಗಾಲದ ರಿಪೇರಿ ಅಂಗಡಿಗೆ ಒಯ್ದ. ನಾನೂ ಜೊತೆಗಿದ್ದೆ. ಅಂಗಡಿಯವನು ಬೂದು ಪಟ್ಟಿಯನ್ನು ಎಳೆದು ಇಣುಕಿದ. "ಒಂದ್ ಪಿನ್ನು ಬಗ್ಗಿ ಮಲೀಕಬುಟ್ಟದೆ ಸಾ. ಯಾರೋ ಬಲ್ವಂತ್ವಾಗಿ ತುರ್ಕವ್ರೆ." ಚಿಮಟದಲ್ಲಿ ಅದನ್ನು ನೆಟ್ಟಗೆ ಮಾಡಿ ಮತ್ತೆ ಸಿಕ್ಕಿಸಿ ಆನ್ ಮಾಡಿದ. ಪರದೆಯ ಮೇಲೆ ಡ್ರೈವಿನ ಹೆಸರು ಬಂದು ಕೂತಿತು. ಅಷ್ಟೇ ಕೆಲಸ.

ಅಪ್ಪ ಪರದೆಯನ್ನೇ ನೋಡುತ್ತ ನಿಂತ. ಬಸ್ ಸ್ಟ್ಯಾಂಡಿಗೆ ಬಂದ ಮೇಲೆ ಹೇಳಿದ: "ಅವ್ಳೇ ತುರ್ಕಿರ್ಬೇಕು. ಅವ್ಳ್ಗೆ ಏಳ್ಬ್ಯಾಡ ಕಣಮ್ಮಿ, ನೊಂದ್ಕತಾಳೆ."

ನಾನು ತಲೆಯಾಡಿಸಿದೆ.

ಈಗ ಅಪ್ಪ ಇಲ್ಲ, ಗಿರಣಿಯೂ ಇಲ್ಲ. ಹತ್ತನೇ ಕ್ಲಾಸು ಫೇಲಾದ ನಾನು ಹನೂರಿನಲ್ಲೇ ಬಟ್ಟೆ ಹೊಲಿಯುತ್ತೇನೆ. ಸಿ.ಡಿ. ಹಾಕುವ ಕಂಪ್ಯೂಟರನ್ನು ನೋಡಿ ಎಷ್ಟೋ ಕಾಲವಾಯಿತು. ಅವು ಹೋದದ್ದಕ್ಕೆ ನನಗೆ ದುಃಖವಿಲ್ಲ. "ಆಕ್ತದೆ, ನೋಡ್ತಿರು" ಎಂದು ಅಪ್ಪನ ಮುಖಕ್ಕೆ ಹೇಳಿದ ಆ ದನಿ ಮತ್ತೆ ಅಕ್ಕನ ಬಾಯಲ್ಲಿ ಬರಲಿಲ್ಲ.

ಮೊನ್ನೆ ಅಗರಕ್ಕೆ ಹೋಗಿದ್ದೆ. ಅಕ್ಕ ಯಾರದೋ ಅರಿಸಿನದ ಹೊಲದ ಕೆಲಸ ಮುಗಿಸಿ ಬಂದು ನನಗೆ ಬಡಿಸುತ್ತಿದ್ದಳು. ಅವಳ ಮಗಳ ಮೊಬೈಲು ನಿಂತುಹೋಗಿತ್ತು. ನಿಮ್ಮವ್ವನಿಗೆ ಕೊಡು, ನೋಡುತ್ತಾಳೆ ಅಂದೆ. ಹುಡುಗಿ ನಕ್ಕಳು. "ಅವ್ವಂಗಾ? ಬ್ಯಾಡ ಚಿಕ್ಕವ್ವ, ಇರಾದ್ನೂ ಕೆಡಿಸ್ಬುಡ್ತಾಳೆ."

ಅಕ್ಕನೂ ನಕ್ಕಳು. ಹಳದಿ ಹಿಡಿದ ಕೈಗಳನ್ನು ಸೆರಗಿನಡಿ ಎಳೆದುಕೊಂಡಳು. "ಊಂ ಕಣ. ನಾನ್ ಮುಟ್ಟಿದ್ದು ಯಾವ್ದು ಉಳ್ದದೆ?"

"ಅಕ್ಕಾ," ಅಂದೆ.

"ಏನಮ್ಮಿ?"

ನಾಲಿಗೆಯ ತುದಿಗೆ ಬಂದಿತ್ತು. "ಸಾರಿಗೆ ಉಪ್ಪು ಕಮ್ಮಿ ಆಗದೆ," ಅಂದೆ.

"ಅಯ್ಯೋ, ಅದ್ನೂ ಕೆಡಿಸ್ನಾ," ಎನ್ನುತ್ತ ಉಪ್ಪು ತರಲು ಎದ್ದಳು.

ಉಪ್ಪು ಸರಿಯಾಗಿಯೇ ಇತ್ತು.