ಮಲ್ಲೇಶಪ್ಪ ಕಡಲಿಗೆ ಕಿವಿಗೊಟ್ಟದ್ದು

ಅಂಬ್ಲಿಗೊಳ ಜಲಾಶಯದ ಕೆಳಗೆ ಎರಡು ಎಕರೆ ಗದ್ದೆ ಮಾಡಿಕೊಂಡಿರುವ ಮಲ್ಲೇಶಪ್ಪನಿಗೆ ಈಗ ಅರವತ್ತೊಂದು. ಶಿಕಾರಿಪುರ, ಸೊರಬ ಎರಡೂ ಕಡೆಯ ಪೊಲೀಸರಿಗೆ ಅವನ ನಂಬರು ಬಾಯಿಪಾಠ. ಕೆರೆಯಲ್ಲೋ ಕಾಲುವೆಯಲ್ಲೋ ಯಾರಾದರೂ ಮುಳುಗಿ ಹೆಣ ಸಿಗದಿದ್ದರೆ ಫೋನು ಬರುವುದು ಅವನಿಗೇ. ಉಣ್ಣುತ್ತಿದ್ದರೂ ಕೈ ತೊಳೆದು ಏಳುತ್ತಾನೆ. ದಡದಲ್ಲಿ ಅಂಗಿ ಬಿಚ್ಚಿಟ್ಟು, ನೀರಿಗೆ ಕೈಮುಗಿದು, ಒಂದೇ ಉಸಿರಿಗೆ ತಳ ಮುಟ್ಟುತ್ತಾನೆ. ಬೋಟು, ಕೊಕ್ಕೆ ತಂದವರು ಎರಡು ದಿನ ಜಾಲಾಡಿದ ಕಡೆ ಅವನು ಅರ್ಧ ಗಂಟೆಯಲ್ಲಿ ಎತ್ತಿ ತಂದದ್ದುಂಟು.

"ಹೆಂಗ್ ಗೊತ್ತಾಗುತ್ತೋ ಮಾರಾಯ?" ಎಂದು ಯಾರಾದರೂ ಕೇಳಿದರೆ, "ರೂಢಿ" ಎಂದು ಬೀಡಿ ಹಚ್ಚುತ್ತಾನೆ.

ನಿಜವೆಂದರೆ, ಮುಳುಗಿದವರೇ ಅವನನ್ನು ಕರೆಯುತ್ತಾರೆ. ಇಪ್ಪತ್ತೆರಡರ ಹರೆಯದಲ್ಲಿ, ಬಟ್ಟೆ ತೊಳೆಯಲು ಹೋಗಿ ಜಾರಿದ ಹೆಂಗಸೊಬ್ಬಳನ್ನು ಹುಡುಕಲು ಮೊದಲ ಸಲ ಇಳಿದಾಗಲೇ ಅದು ಕೇಳಿಸಿತ್ತು. ಕೆಸರು ನೀರಲ್ಲಿ ಕಣ್ಣು ಕಾಣದೆ ತಡವರಿಸುತ್ತಿದ್ದವನಿಗೆ ಎಡಗಡೆಯಿಂದ, ಬೇಲಿಯಾಚೆ ನಿಂತು ಕೂಗಿದಷ್ಟು ಸ್ಪಷ್ಟವಾಗಿ, "ಮಲ್ಲೇಶಣ್ಣಾ, ಈ ಕಡೆ" ಎಂದಿತು. ಕೈ ಚಾಚಿದರೆ ಸೆರಗು ಸಿಕ್ಕಿತು. ಅಂದಿನಿಂದ ಪ್ರತಿ ಸಲವೂ ಹಾಗೆಯೇ. ಇದನ್ನು ಹೆಂಡತಿ ನಿರ್ಮಲಮ್ಮನಿಗೆ ಬಿಟ್ಟು ಇನ್ನಾರಿಗೂ ಅವನು ಹೇಳಿರಲಿಲ್ಲ.

ಶಿರಾಳಕೊಪ್ಪದಲ್ಲಿ ಗೊಬ್ಬರದ ಅಂಗಡಿ ಇಟ್ಟಿರುವ ಚನ್ನೇಶನ ತಮ್ಮ ಅರುಣ ನಾಲ್ಕು ವರ್ಷದ ಹಿಂದೆ ಕಾಲುವೆಯಲ್ಲಿ ಕೊಚ್ಚಿಹೋದಾಗ ಹುಡುಕಿ ಕೊಟ್ಟವನು ಮಲ್ಲೇಶಪ್ಪನೇ. ಆ ಋಣ ಚನ್ನೇಶನ ಮನಸ್ಸಿನಲ್ಲಿತ್ತು. ಕಳೆದ ವರ್ಷ ಗೊಬ್ಬರದ ಕಂಪನಿಯವರು ಚೆನ್ನಾಗಿ ವ್ಯಾಪಾರ ಮಾಡಿದವರನ್ನು ಹಡಗಿನ ಪ್ರವಾಸಕ್ಕೆ ಕಳಿಸುವುದಾಗಿ ಹೇಳಿದರು. ಆಗಷ್ಟೇ ನೀರಿಗಿಳಿದ ಹೊಸ ಹಡಗು, ಹನ್ನೊಂದು ಅಂತಸ್ತು, ಮುಂಬೈಯಿಂದ ಲಕ್ಷದ್ವೀಪಕ್ಕೆ. ಜೊತೆಗೆ ಒಬ್ಬರನ್ನು ಕರೆತರಬಹುದು. ಚನ್ನೇಶನ ಹೆಂಡತಿ ಚೈತ್ರಶ್ರೀಗೆ ಘಾಟಿಯ ಬಸ್ಸೇ ಆಗದು. ಅವನು ನೇರ ಮಲ್ಲೇಶಪ್ಪನ ಮನೆಗೆ ಬಂದ.

"ನೀವೇ ಬರ್ಬೇಕು ಮಲ್ಲೇಶಣ್ಣ. ಸಮುದ್ರ ನೋಡಿಲ್ಲ ಅಂತಿದ್ರಲ್ರೀ."

ಮಲ್ಲೇಶಪ್ಪ ಮೊಬೈಲಿನಲ್ಲಿ ಹಡಗಿನ ಚಿತ್ರ ನೋಡಿದ. ಹಡಗಿಗಿಂತ ಅದರ ಕೆಳಗಿನ ನೀಲಿಯನ್ನೇ ಹೆಚ್ಚು ಹೊತ್ತು ನೋಡಿದ. ಒಂದು ಕೆರೆಯಲ್ಲಿ ಮುಳುಗಿದವರು ಒಬ್ಬರೋ ಇಬ್ಬರೋ. ಕಡಲಿನಲ್ಲಿ ಎಷ್ಟು ಜನವೋ, ಎಷ್ಟು ಕಾಲದವರೋ! ನಾಲ್ಕು ದಿನ ಅವರೆಲ್ಲರ ಮೇಲೆ ತೇಲುತ್ತ, ಎಲ್ಲರೂ ಒಟ್ಟಿಗೆ ಕರೆದರೆ?

"ಮೊದಲು ದಡಕ್ಕೆ ಹೋಗಿ ನೋಡ್ಕಂಡ್ ಬರ್ತೀನಿ, ಆಮೇಲೆ ಹೇಳ್ತೀನಿ" ಎಂದ. ಚನ್ನೇಶನಿಗೆ ನಗು ಬಂತು. ಆದರೂ ಮುಂದಿನ ಭಾನುವಾರ ಇಬ್ಬರೂ ಬಸ್ಸು ಹತ್ತಿ ಹೊನ್ನಾವರಕ್ಕೆ ಹೋದರು.

ಮಟಮಟ ಮಧ್ಯಾಹ್ನ. ಮೀನಿನ ಬಲೆ ಒಣಹಾಕಿದ್ದ ಮರಳಿನಲ್ಲಿ ಒಂದು ನರಪಿಳ್ಳೆಯೂ ಇರಲಿಲ್ಲ. ಮಲ್ಲೇಶಪ್ಪ ಅಂಗಿ ಬಿಚ್ಚಿ, ಕೈಮುಗಿದು, ಎದೆಮಟ್ಟದವರೆಗೆ ನಡೆದು ತಲೆ ಮುಳುಗಿಸಿದ.

ಕೇಳಿಸಿತು. ಆದರೆ ಯಾರೂ ಕರೆಯಲಿಲ್ಲ. ಅವರು ಅವರವರಲ್ಲೇ ಮಾತಾಡಿಕೊಳ್ಳುತ್ತಿದ್ದರು, ಸಂತೆಯ ಗದ್ದಲವನ್ನು ದೂರದಿಂದ ಕೇಳಿದ ಹಾಗೆ. ಗಂಡಸರು, ಹೆಂಗಸರು, ನಡುವೆ ಒಂದು ಮಗುವಿನ ರಚ್ಚೆ. ಗುರುತಿಲ್ಲದ ಭಾಷೆಗಳೂ ಇದ್ದವು. ಯಾರಿಗೂ ಮೇಲೆ ಬರುವ ಆತುರವಿದ್ದಂತಿರಲಿಲ್ಲ. ಅಷ್ಟರಲ್ಲಿ, ಹತ್ತಿರದವರಿಂದ ಶುರುವಾಗಿ, ಮಾತು ನಿಲ್ಲತೊಡಗಿತು. ಅಪರಿಚಿತನೊಬ್ಬ ಹೊಸಿಲು ದಾಟಿದಾಗ ಮನೆಯವರು ಸುಮ್ಮನಾಗುತ್ತಾರಲ್ಲ, ಹಾಗೆ ಆ ಸುಮ್ಮನಿರುವಿಕೆ ಹಬ್ಬುತ್ತ ಹಬ್ಬುತ್ತ ಬಹುದೂರ ಹೋಯಿತು. ಆಮೇಲೆ ಮುದುಕಿಯೊಬ್ಬಳ ದನಿ ಮೆಲ್ಲಗೆ, ಅಕ್ಕರೆಯಿಂದಲೇ, ಕೇಳಿತು:

"ಯಾರ ಮನೆ ಪೈಕೀನಪ್ಪಾ ನೀನು?"

ಹಿರಿಯರು ಕೇಳಿದರೆ ಉತ್ತರ ಕೊಡಬೇಕು. ಮಲ್ಲೇಶಪ್ಪ ಹೇಳಲೆಂದು ಬಾಯಿ ತೆರೆದ.

ರಟ್ಟೆ ಹಿಡಿದು ಎಳೆದದ್ದು ಚನ್ನೇಶ. ಪ್ಯಾಂಟು ಸಮೇತ ನೀರಿಗೆ ಬಿದ್ದಿದ್ದ. ಮರಳಿನ ಮೇಲೆ ಮಲ್ಲೇಶಪ್ಪ ಉಪ್ಪುನೀರು ಕಾರಿಕೊಂಡ.

"ಮೂರು ನಿಮಿಷದ ಮೇಲಾಯ್ತಲ್ರೀ! ಕೈಕಾಲೂ ಆಡಿಸ್ತಿರ್ಲಿಲ್ಲ ನೀವು!"

ವಾಪಸು ಬರುವ ಬಸ್ಸಿನಲ್ಲಿ ಮಲ್ಲೇಶಪ್ಪ ಎಲ್ಲವನ್ನೂ ಹೇಳಿದ. "ಹಡಗು ಬ್ಯಾಡ ಚನ್ನೇಶ. ಇನ್ನೊಂದ್ ಸಲ ಕೇಳಿದ್ರೆ ನಾನು ಹೇಳ್ಬಿಡ್ತೀನಿ. ಹೇಳಿದ್ರೆ ಅವರ ಪೈಕಿ ಆಗ್ಬಿಡ್ತೀನಿ." ಚನ್ನೇಶ ನಗಲಿಲ್ಲ. ಜೋಗ ದಾಟಿದ ಮೇಲೆ, ಕಿಟಕಿಯಿಂದ ತಿರುಗದೆಯೇ ಕೇಳಿದ: "ಅರುಣನೂ ಕರೆದಿದ್ನಾ?"

"ಹೂಂ."

"ಏನಂದ?"

"'ಒಂದು ಚಪ್ಪಲಿ ಸಿಗ್ತಿಲ್ಲ ಮಲ್ಲೇಶಣ್ಣ, ಅಣ್ಣ ಬೈತಾನೆ' ಅಂದ."

ಚನ್ನೇಶ ಮುಖಕ್ಕೆ ಟವೆಲು ಒತ್ತಿಕೊಂಡ. ಆ ಚಪ್ಪಲಿ ಅವನು ಕೊಡಿಸಿದ್ದು. ಹೊಸದು.

ಕೊನೆಗೆ ಚೈತ್ರಶ್ರೀಯೇ ಮಾತ್ರೆ ನುಂಗಿ ಗಂಡನ ಜೊತೆ ಹಡಗು ಹತ್ತಿದಳು. ಏನೂ ಆಗಲಿಲ್ಲ. ಐದನೇ ದಿನ ಸುಖವಾಗಿ ಮುಂಬೈಗೆ ಬಂದಿಳಿದರು. ಊರಲ್ಲಿ ಜನ, "ಈಜೋ ಮಲ್ಲೇಶಪ್ಪ ನೀರಿಗೆ ಹೆದರಿದ್ನಂತೆ" ಎಂದು ಆಡಿಕೊಂಡರು. ಅವನೂ ಅವರೊಡನೆ ನಕ್ಕ. ಮೊನ್ನೆ ಗುಡವಿ ಕಡೆಯ ಕೆರೆಯೊಂದಕ್ಕೆ ಇಳಿಯಬೇಕೆಂದು ಫೋನು ಬಂದಾಗ ಎಂದಿನಂತೆ ಹೋಗಿ ಬಂದ.

ಚನ್ನೇಶ ಫೋಟೊ ತೋರಿಸಲು ಮನೆಗೆ ಬಂದಿದ್ದ. ಊಟದ ಹಾಲ್, ನಾಟಕದ ಹಾಲ್, ಮಹಡಿ ಮೇಲೊಂದು ಈಜುಕೊಳ. ಪ್ರತಿ ಫೋಟೊದಲ್ಲೂ ಅವನ ತಲೆಗೆ ಮಫ್ಲರು ಸುತ್ತಿತ್ತು. ಕಾಫಿ ತಂದ ನಿರ್ಮಲಮ್ಮ, "ಅಷ್ಟು ಥಂಡಿ ಇತ್ತೇನಪ್ಪಾ ಅಲ್ಲಿ?" ಎಂದಳು.

"ಇಲ್ಲಮ್ಮ, ಸೆಕೆ" ಎಂದ ಚನ್ನೇಶ. "ಕಿವಿಗೆ ಹತ್ತಿ ಇಟ್ಕೊಂಡಿದ್ದೆ. ಅದು ಬೀಳಬಾರ್ದು ಅಂತ."