ಕೆರೆಗೆ ಬಿದ್ದ ಅನ್ನ

ಬೆಳಗಿನ ಮಂಜು ಇನ್ನೂ ಕೆರೆ ಬಿಟ್ಟಿಲ್ಲ. ಡ್ಯಾಂಡಿನಾಂಗ್ ಹತ್ತಿರದ ಈ ಪಾರ್ಕಿನಲ್ಲಿ ರಬ್ಬರ್ ಬೂಟು ತೊಟ್ಟು, ಸ್ವೆಟರ್ ಮೇಲೆ ಕೌನ್ಸಿಲ್‌ನವರ ಹಳದಿ ಅಂಗಿ ಏರಿಸಿಕೊಂಡು ಭಾಗೀರಥಿ ನೀರಿಗಿಳಿಯುತ್ತಾರೆ. ಉದ್ದ ಕೋಲಿನ ಬಲೆಗೆ ಸಿಗುವುದು ಚಿಪ್ಸ್ ಪ್ಯಾಕೆಟ್ಟು, ಬ್ರೆಡ್ಡು, ಒಮ್ಮೊಮ್ಮೆ ಫಾಯಿಲ್ ತಟ್ಟೆ ಸಮೇತ ಅನ್ನದ ಉಂಡೆ. "ಇದು ನಮ್ಮೋರದ್ದೇ," ಎಂದು ನಗುತ್ತಾರೆ. "ಎಳ್ಳು ಕಾಣ್ತಿದೆಯಲ್ಲ! ಬೇರೆಯವರ ಮೇಲೆ ಹಾಕಕ್ಕಾಗಲ್ಲ."

ಮೈಸೂರಿನ ಈಕೆ ಗಂಡನ ಜೊತೆ ಇಲ್ಲಿಗೆ ಬಂದದ್ದು ೧೯೮೮ರಲ್ಲಿ. ಹೊಲಿಗೆ ಫ್ಯಾಕ್ಟರಿಯಲ್ಲಿ ಕೆಲಸ ಸಿಕ್ಕಿತು, ಫ್ಯಾಕ್ಟರಿಯೇ ಮುಚ್ಚಿತು. ಆಮೇಲೆ ಈ ಕೆರೆ. ನಮ್ಮ ಕನ್ನಡ ಸಂಘದಲ್ಲಿ ಡಾಕ್ಟರು, ಎಂಜಿನಿಯರುಗಳಿಗೆ ಶಾಲು ಹೊದಿಸಿದ್ದೇ ಹೊದಿಸಿದ್ದು. ಕೆರೆ ತೊಳೆಯುವವರನ್ನು ವೇದಿಕೆಗೆ ಕರೆದದ್ದನ್ನು ನಾನಂತೂ ಕಂಡಿಲ್ಲ.

ಈ ದೇಶದಲ್ಲಿ ಋತುಗಳು ತಲೆಕೆಳಗು; ಪಿತೃಗಳಿಗೆ ಅನ್ನವಿಡುವ ಪಕ್ಷಮಾಸ ಬರುವುದು ವಸಂತದಲ್ಲಿ, ಹಕ್ಕಿಗಳು ಮರಿ ಮಾಡುವ ಕಾಲಕ್ಕೆ. ಊರಲ್ಲಾದರೆ ಕಾಗೆಗೆ ಒಂದು ಹಿಡಿ. ಇಲ್ಲಿ ಕಾಗೆ ಬರಲಿಲ್ಲವೆಂದು ನಮ್ಮವರು ಕುಕ್ಕರ್‌ಗಟ್ಟಲೆ ಅನ್ನವನ್ನು ಕೆರೆಗೇ ತಂದು ಸುರಿಯುತ್ತಾರೆ. ತಿನ್ನುವುದು ಸೀಗಲ್ ಎಂಬ ಬಿಳಿ ಕಡಲಹಕ್ಕಿ. ಪುಕ್ಕಟೆ ಊಟ ಸಿಕ್ಕಿದರೆ ಯಾರ ಸಂಸಾರ ತಾನೇ ಬೆಳೆಯದು? ಮೊದಲು ಕೆರೆ ಎಷ್ಟು ಸಾಕಬಲ್ಲದೋ ಅಷ್ಟೇ ಇದ್ದವು. ಈಗ ಹಿಂಡು ಹಿಂಡಾಗಿವೆ. ಅನ್ನ ಬಾರದ ದಿನ ಅವು ಇದೇ ಕೆರೆಯಲ್ಲಿ ಗೂಡು ಕಟ್ಟುವ ಕರಿಹಂಸದ ಮೊಟ್ಟೆಗೆ, ಮರಿಗೆ ಬಾಯಿ ಹಾಕುತ್ತವೆ.

ಹೋದ ವಸಂತದಲ್ಲಿ ಒಂದು ಹಂಸದ ಮರಿಯೂ ಉಳಿಯಲಿಲ್ಲ. ಈ ಸಲ ಸೂಪರ್‌ವೈಸರ್ ಕಡ್ಡಿ ಮುರಿದಂತೆ ಹೇಳಿದ್ದರು: ಸೀಗಲ್ ಕಡಿಮೆಯಾಗದಿದ್ದರೆ ಕೆರೆಯ ನಡುಗಡ್ಡೆಗೆ ಹೋಗಿ ಅವುಗಳ ಮೊಟ್ಟೆ ಒಡೆಯಬೇಕು. ಒಡೆಯಬೇಕಾದವರು ಭಾಗೀರಥಿಯೇ.

"ನನ್ನ ಕೈಲಿ ಆಗಲ್ಲ ಅಂದೆ. ನಾವು ಅನ್ನ ಹಾಕಿ ಬೆಳೆಸೋದು, ನಾವೇ ಮೊಟ್ಟೆ ಒಡೆಯೋದು. ಇದ್ಯಾವ ನ್ಯಾಯ ಹೇಳಿ?"

ಸಂಘದ ಗಣೇಶನ ಹಬ್ಬದ ದಿನ, ಯಾರೂ ಕರೆಯದೆಯೇ ಭಾಗೀರಥಿ ಮೈಕಿನ ಮುಂದೆ ನಿಂತು ಎಲ್ಲವನ್ನೂ ಹೇಳಿಬಿಟ್ಟರು. ನಿವೃತ್ತ ಡಾಕ್ಟರ್ ಚಕ್ರಪಾಣಿ ಕೆರಳಿದರು.

"ಅಲ್ರೀ, ನಮ್ಮ ತಾಯಿಗೆ ಅನ್ನ ಇಡಬೇಡಿ ಅಂತೀರಾ?"

"ಅಯ್ಯೋ, ಇಡಿ ಡಾಕ್ಟ್ರೇ! ಒಂದು ಹಿಡಿ, ನಿಮ್ಮ ಬ್ಯಾಕ್‌ಯಾರ್ಡಲ್ಲಿ. ಕಾಗೆ ಮುಟ್ಟೋವರೆಗೂ ನಿಂತ್ಕೊಳ್ಳಿ. ಕಾಯೋದೂ ಶ್ರದ್ಧೇನೇ ಅಲ್ವಾ?"

ಕೆಲವರು ಗೊಣಗಿದರು, ಒಂದಿಬ್ಬರು ಈಗಲೂ ಕದ್ದುಮುಚ್ಚಿ ಅನ್ನ ತರುತ್ತಾರೆ. ಆದರೆ ಉಳಿದವರು ಸುರಿಯುವುದನ್ನು ನಿಲ್ಲಿಸಿದರು; ಪಕ್ಷಮಾಸ ಕಳೆಯುವಷ್ಟರಲ್ಲಿ ಸೀಗಲ್ ಹಿಂಡಿನ ಬಹುಪಾಲು ಬೇರೆ ಕಡೆ ಹಾರಿತ್ತು. ಸೂಪರ್‌ವೈಸರ್ ಮೊಟ್ಟೆಯ ಮಾತು ಕೈಬಿಟ್ಟರು. ಅದನ್ನು ಕೇಳಿ ನನಗಾದ ಸಂತೋಷ ಅಷ್ಟಿಷ್ಟಲ್ಲ.

ನಾವು ಮಾತಾಡುತ್ತಿರುವಾಗಲೇ ಚಕ್ರಪಾಣಿ ವಾಕಿಂಗ್ ಬರುತ್ತಾರೆ. ಆಪು ಹುಲ್ಲಿನ ಸಂದಿಯಿಂದ ಕರಿಹಂಸ ಹೊರಡುತ್ತದೆ, ಹಿಂದೆ ಬೂದು ಬಣ್ಣದ ಮರಿಗಳ ಸಾಲು. ಡಾಕ್ಟರು ಬೆರಳು ಮಡಚಿ ಮರಿಗಳನ್ನು ಎಣಿಸುತ್ತಾರೆ.

"ಎಲ್ಲಾ ಉಳಿದವೇನಮ್ಮ?"

"ಇಲ್ಲ ಡಾಕ್ಟ್ರೇ. ಮೊನ್ನೆ ಒಂದನ್ನ ಗಿಡುಗ ಎತ್ಕೊಂಡು ಹೋಯ್ತು. ಹೊಟ್ಟೆ ಉರೀತು," ಎನ್ನುತ್ತಾ ಭಾಗೀರಥಿ ಬಲೆಯನ್ನು ಮತ್ತೆ ನೀರಿಗಿಳಿಸುತ್ತಾರೆ. "ಆದ್ರೆ ಅದು ಕೆರೆ ತಗೊಂಡಿದ್ದು. ನಮ್ಮ ಅನ್ನ ತಗೊಂಡಿದ್ದಲ್ಲ."