ಎರಡು ಸಲ ಉಪ್ಪು ಬಿದ್ದ ಮಜ್ಜಿಗೆ

ಮೊನ್ನೆ ಸಂತೆಯಲ್ಲಿ ಮಡಕೆ ಮಾರುವವಳು, ಸೋರುವುದಿಲ್ಲ ಅಂತ ತೋರಿಸಲು ಹೊಸ ಮಡಕೆಗೆ ಒಂದು ಚೊಂಬು ನೀರು ಹುಯ್ದಳು. ಸುಟ್ಟ ಮಣ್ಣು ಮೊದಲ ಸಲ ನೀರು ಕುಡಿಯುವಾಗ ಒಂದು ವಾಸನೆ ಬರುತ್ತದಲ್ಲ, ಅದು ಮೂಗಿಗೆ ಬಡಿಯಿತು. ಚೌಕಾಸಿ ಮಾಡುತ್ತಿದ್ದವಳು ಹಾಗೇ ನಿಂತುಬಿಟ್ಟೆ. ಮೇಷ್ಟ್ರು ನೆನಪಾದರು.

ಅವರು ನನಗೆ ಪಾಠ ಹೇಳಿದ ಮೇಷ್ಟ್ರಲ್ಲ. ನಾನು ಸ್ಕೂಲಿನ ಮುಂದೆ ಕಸ ಗುಡಿಸಿದ್ದೇನೆ, ಒಳಗೆ ಕೂತಿಲ್ಲ. ಅಷ್ಟೋ ಇಷ್ಟೋ ಅಕ್ಷರ ಕಲಿತದ್ದು ಬಸ್ಸಿನ ಬೋರ್ಡು ಓದಿಕೊಂಡು. ಮೇಷ್ಟ್ರು ಕುಣಿಗಲ್ ಕಡೆಯವರು, ತುಮಕೂರಿನಲ್ಲಿ ನೌಕರಿ ಮಾಡಿ, ರಿಟೈರ್ ಆದ ಮೇಲೂ ಇಲ್ಲೇ ಉಳಿದಿದ್ದರು. ಆಗ ಊರಿನಲ್ಲಿ ಮಾನವ ಹಕ್ಕುಗಳ ಸಮಿತಿ ಅಂತ ಒಂದನ್ನು ಮಾಡಿದ್ದರು. ಜಾತಿ, ಧರ್ಮ, ಭಾಷೆ ಅಂತ ಯಾರನ್ನೂ ಹೊರಗೆ ನಿಲ್ಲಿಸಬಾರದು, ನಿಲ್ಲಿಸಿದರೆ ಹೋಗಿ ಕೇಳಬೇಕು, ಅದು ಅದರ ಕೆಲಸ. ಒಬ್ಬ ಲಾಯರು, ಒಬ್ಬ ನರ್ಸಮ್ಮ, ಮಸೀದಿ ಕಡೆಯ ಹಿರಿಯರೊಬ್ಬರು, ಒಬ್ಬ ಮಂಗಳಮುಖಿ... ಇವರ ಜೊತೆ ನಮ್ಮ ಮೇಷ್ಟ್ರು.

ಮೇಷ್ಟ್ರು ಯಾರನ್ನೂ ಆಫೀಸಿಗೆ ಕರೆಸುತ್ತಿರಲಿಲ್ಲ, ತಾವೇ ಹೋಗುತ್ತಿದ್ದರು. ನರ್ಸಿಂಗ್ ಓದುವ ಸಾಬರ ಹುಡುಗಿಯೊಬ್ಬಳಿಗೆ ನಮ್ಮ ಕಡೆ ಯಾರೂ ಬಾಡಿಗೆಗೆ ಮನೆ ಕೊಡಲಿಲ್ಲ. ಇವರು ಹೋಗಿ ಆ ಮಾಲೀಕನ ಜಗಲಿಯ ಮೇಲೆ ಕೂತು ಕೊಬ್ಬರಿ ರೇಟು, ಮಳೆ, ಮಂಡಿನೋವು ಎಲ್ಲ ಮಾತಾಡಿದರು. ಬೈಯಲಿಲ್ಲ, ಬುದ್ಧಿ ಹೇಳಲಿಲ್ಲ. ಎದ್ದು ಬರುವಾಗ ಆ ಮಾಲೀಕನೇ, "ಸಾಯಂಕಾಲ ಬಂದು ಮನೆ ನೋಡ್ಕೊಂಡು ಹೋಗ್ಲಿ ಬುಡಿ ಆ ಮಗು" ಅಂದನಂತೆ. ಹಾಗೆ ಎಲ್ಲ ಸಲವೂ ಆಗುತ್ತಿರಲಿಲ್ಲ. ಬಾಗಿಲು ಹಾಕಿಸಿಕೊಂಡು ಬಂದದ್ದೂ ಇದೆ.

ನನ್ನ ವಿಷಯಕ್ಕೆ ಬರುತ್ತೇನೆ. ನಾನು ಬೆಳ್ಳಾವಿ ಕಡೆಯವಳು. ಮದುವೆಯಾಗಿ ಬಂದ ಮೇಲೆ ಈ ಬೀದಿಗಳನ್ನೇ ಗುಡಿಸಿ ಮುದುಕಿಯಾದೆ. ಬಿಸಿಲಲ್ಲಿ ನೀರು ಕೇಳಿದರೆ ಕೊಡುತ್ತಿದ್ದರು, ಇಲ್ಲ ಅನ್ನಬಾರದು. ಆದರೆ ನಾನು ಬೊಗಸೆ ಹಿಡಿದು ಬಗ್ಗಬೇಕು, ಅವರು ಮೇಲಿಂದ ಹುಯ್ಯಬೇಕು. ಚೊಂಬು ನನ್ನ ಕೈಗೆ ಬರುತ್ತಿರಲಿಲ್ಲ. ಆಮೇಲೆ ಪ್ಲಾಸ್ಟಿಕ್ ಲೋಟ ಬಂತು. ಕುಡಿದು ನಾನೇ ಬಿಸಾಕಬೇಕು, ಬಿಸಾಕಿದ್ದನ್ನು ನಾನೇ ಗುಡಿಸಬೇಕು.

ನಾನು ಕೆಲಸ ಬಿಟ್ಟ ಮೇಲೆ ಬಂದ ಬೇಸಿಗೆಯಲ್ಲಿ ಸಮಿತಿಯವರು ನಮ್ಮ ಬೀದಿ ತುದಿಗೆ ಅರವಟ್ಟಿಗೆ ಇಡಲು ಹೊರಟರು. ತೆಂಗಿನ ಗರಿಯ ಚಪ್ಪರ, ಅದರಡಿ ಮಡಕೆಗಳು, ದಾರಿಯಲ್ಲಿ ಹೋಗುವವರಿಗೆ ಬಿಟ್ಟಿ ನೀರು. ಇದರಲ್ಲಿ ಹೊಸದೇನೂ ಇಲ್ಲ. ಆದರೆ ನೀರು ಕೊಡಲು ನನ್ನನ್ನು ಕೂರಿಸಬೇಕು ಅಂತ ಮೇಷ್ಟ್ರು ಮನೆಗೇ ಬಂದರು.

"ಹಲ್ಲು ಬಿದ್ದ ಕಾಲ್ದಲ್ಲಿ ನನ್ ಮಾನ ಕಳೀಬೇಕು ಅಂತವ್ರಾ ನಿಮ್ ಕಮಿಟಿಯೋರು?" ಅಂದೆ. "ಯಾರೂ ಕುಡೀದೆ ಹೋದ್ರೆ ಮಡ್ಕೆ ಮುಂದೆ ಗೂಬೆ ಕೂತಂಗೆ ಕೂತಿರ್ಬೇಕು."

"ನಾನು ಕುಡೀತೀನಿ ಕಣಮ್ಮ."

"ನೀವೊಬ್ರೇ ಎಷ್ಟ್ ಕುಡೀತೀರಿ? ಹೊಟ್ಟೆ ಒಡ್ಕೊಂಡೋಯ್ತದೆ."

"ಒಡೆದ್ರೆ ನರ್ಸಮ್ಮ ಇದಾರಲ್ಲ ಕಮಿಟೀಲಿ" ಅಂದರು.

ನಾನು ಗೊಣಗಿಕೊಂಡೇ ಒಪ್ಪಿದೆ. ನಿಜವಾಗಿ ನನಗೂ ಆಸೆಯಿತ್ತು. ನಾನು ಗುಡಿಸಿದ ಬೀದಿಯವರು ನನ್ನ ಕೈಯ ನೀರು ಕುಡಿಯುವುದನ್ನು ಸಾಯುವ ಮೊದಲು ನೋಡಬೇಕು ಅಂತ. ಅದನ್ನು ಯಾರಿಗೂ ಹೇಳಿರಲಿಲ್ಲ.

ಚಪ್ಪರ ಎದ್ದಿತು. ನೀರು ಬರಬೇಕಿದ್ದದ್ದು ಎದುರುಗಡೆ ಕಿರಾಣಿ ಅಂಗಡಿಯಮ್ಮನ ಬೋರ್‌ವೆಲ್‌ನಿಂದ. ಗುಬ್ಬಿ ಹತ್ತಿರ ತೋಟ ಇರುವ ಮನೆತನದವಳು, ನನ್ನ ವಯಸ್ಸಿನವಳೇ, ಮಡಿ ಒಂದು ಕೈ ಜಾಸ್ತಿ. ಪುಣ್ಯದ ಕೆಲಸ ಅಂತ ಮೊದಲು ಒಪ್ಪಿದ್ದಳು. ಕೂರುವವಳು ನಾನು ಅಂತ ತಿಳಿದ ಕೂಡಲೇ ಅಂಗಡಿ ಮುಂದೆ ನಿಂತು ಬೀದಿಗೆಲ್ಲ ಕೇಳುವಂತೆ ಕೂಗಿದಳು.

"ಅವ್ಳು ಮುಟ್ಟೋ ಮಡ್ಕೆಗೆ ನಮ್ ನೀರು ಬಿಡಾಕಿಲ್ಲ! ಅವ್ಳು ಕೂತ್ರೆ ನಲ್ಲಿ ಬಂದ್!"

ಲಾಯರು ಕೇಸು ಹಾಕೋಣ ಅಂದರು. ಹಾಕಿದ್ದರೆ ಗೆಲ್ಲುತ್ತಿದ್ದರೇನೋ, ಆದರೆ ಅಷ್ಟರಲ್ಲಿ ಬೇಸಿಗೆ ಮುಗಿದಿರುತ್ತಿತ್ತು. ಮೇಷ್ಟ್ರು ಅವಳ ಅಂಗಡಿಗೆ ಹೋಗಿ ಬೆಲ್ಲ ಕೊಂಡರು. ಕೊಂಡವರು ಅಲ್ಲೇ ನಿಂತು, "ತಾಯಿ, ಮಡಕೆ ಚೊಕ್ಕಟವಾಗಿದೆಯೋ ಇಲ್ವೋ ನೋಡೋಕೆ ತಿಳಿದೋರು ಒಬ್ರು ಬೇಕು. ನಮ್ಗೆ ಗಂಡಸರಿಗೆ ಗೊತ್ತಾಗಲ್ಲ. ನೀವೇ ದಿನಾ ಬಂದು ನಿಗಾ ಇಡಿ" ಅಂದರು. ಅವಳು ಬಲೆಗೆ ಬಿದ್ದಳು. ಊರಿನ ಮಡಿ ಕಾಯುವ ಕೆಲಸ ಬಿಟ್ಟಾಳೆಯೇ?

ನನಗೆ ಮೈಯೆಲ್ಲ ಉರಿಯಿತು. "ನಾನೇನು ಕಳ್ಳೀನಾ ಮೇಷ್ಟ್ರೇ, ಅವ್ಳು ನನ್ನ ಕಾವ್ಲು ಕಾಯಾಕೆ?" ಅಂದೆ.

ಅವರು ತಲೆ ತಗ್ಗಿಸಿದರು. "ನಿಮ್ಗೆ ಅವಮಾನ ಆಯ್ತದೆ, ಗೊತ್ತು ಕಣಮ್ಮ. ಆಯಮ್ಮ ಹತ್ರ ಬಂದು ಕೂತ್ಕೊಳ್ಳಲಿ ಮೊದ್ಲು. ದೂರದಿಂದ ಕೂಗೋರ ಜೊತೆ ನಂಗೆ ಮಾತಾಡಾಕೆ ಬರಲ್ಲ."

ಹಾಗೆ ಶುರುವಾಯಿತು. ಚಪ್ಪರದ ಆ ಕಡೆ ಪ್ಲಾಸ್ಟಿಕ್ ಕುರ್ಚಿಯಲ್ಲಿ ಅವಳು, ಈ ಕಡೆ ಮಣೆಯ ಮೇಲೆ ನಾನು, ನಡುವೆ ಪೇಪರ್ ಓದುತ್ತಾ ಮೇಷ್ಟ್ರು. ಅವಳು ನನ್ನ ಜೊತೆ ಮಾತಾಡುತ್ತಿರಲಿಲ್ಲ, ಮಡಕೆಯ ಜೊತೆ ಮಾತಾಡುತ್ತಿದ್ದಳು. "ಈ ಮಡ್ಕೆ ಮುಚ್ಚಳಾನ ಯಾರೋ ಓರೆ ಮಡಗವ್ರೆ" ಅನ್ನುವಳು. ನಾನು ಸೌಟಿಗೆ ಉತ್ತರ ಹೇಳುತ್ತಿದ್ದೆ. ಆಟೋದವರು, ಚೇಳೂರು ಬಸ್ಸಿನಲ್ಲಿ ಬರುವ ಕಾಲೇಜು ಮಕ್ಕಳು, ತಲೆಹೊರೆಯವರು, ಎಲ್ಲರೂ ಗಟಗಟ ಕುಡಿದು ಹೋಗುತ್ತಿದ್ದರು. ಅವರಿಗೆ ನಾನು ಯಾರೋ ಒಬ್ಬ ಮುದುಕಿ. ನನ್ನ ಬೀದಿಯವರು ಮಾತ್ರ ಕುಡಿಯಲಿಲ್ಲ. "ಈಗ್ತಾನೆ ಕಾಫಿ ಆಯ್ತು" ಅನ್ನುತ್ತಾ ದಾಟಿಕೊಂಡು ಹೋಗುವರು. ಸುಡುವ ಮಧ್ಯಾಹ್ನದಲ್ಲೂ ಎಲ್ಲರಿಗೂ ಈಗ ತಾನೇ ಕಾಫಿ ಆಗಿರುತ್ತಿತ್ತು...

ರಾಮನವಮಿ ಬಂತು. ಅವತ್ತು ನೀರಿನ ಜೊತೆ ಮಜ್ಜಿಗೆ, ಕೋಸಂಬರಿ. ದೊಡ್ಡ ಪಾತ್ರೆಯಲ್ಲಿ ಮಜ್ಜಿಗೆ ಕಡೆದು, ಶುಂಠಿ, ಹಸಿಮೆಣಸಿನಕಾಯಿ, ಕೊತ್ತಂಬರಿ ಜಜ್ಜಿ ಹಾಕಿ, ಉಪ್ಪು ಹಾಕಿ ನಾನು ಲೋಟ ತೊಳೆಯಲು ಹೋದೆ. ಆ ಹೊತ್ತಿಗೆ ಅಂಗಡಿಯಮ್ಮ ಬಂದು ನೋಡಿದಳು. ಈ ಮುದುಕಿಗೆ ಉಪ್ಪು ಹಾಕುವಷ್ಟು ಜ್ಞಾನ ಎಲ್ಲಿರುತ್ತೆ ಅಂದುಕೊಂಡಳೋ ಏನೋ, ತಾನೂ ಹಿಡಿ ತುಂಬ ಹಾಕಿ ತಿರುವಿದಳು. ಮಾತು ಬಿಟ್ಟವರು, ಕೇಳುವುದು ಯಾರು? ಹಬ್ಬದ ಮಜ್ಜಿಗೆ, ಕೊಡುವ ಮೊದಲು ರುಚಿ ನೋಡಿದರೆ ಎಂಜಲು. ಹಾಗಾಗಿ ಇಬ್ಬರೂ ನಾಲಿಗೆಗೆ ಇಡಲಿಲ್ಲ.

ಮೊದಲ ಲೋಟ ಮೇಷ್ಟ್ರಿಗೆ ಕೊಟ್ಟೆ. ಅವರು ಪೂರ್ತಿ ಕುಡಿದರು. ಕಣ್ಣಲ್ಲಿ ನೀರು ಬಂತು. ಲೋಟ ಕೆಳಗಿಟ್ಟು ಮೆಲ್ಲಗೆ, "ಉಪ್ಪು ಯಾರು ಹಾಕಿದ್ದು?" ಅಂದರು.

"ನಾನು" ಅಂದೆವು ಇಬ್ಬರೂ.

ಅವಳು ನನ್ನ ಕಡೆ ತಿರುಗಿದಳು. "ಹಾಕಿದೀನಿ ಅಂತ ಬಾಯ್ ಬುಟ್ಟು ಹೇಳಾಕೇನೇ ನಿಂಗೆ ಕೇಡು?"

"ಮಡ್ಕೆ ಜೊತೆ ಮಾತಾಡ್ತೀಯಲ್ಲ, ಮಜ್ಗೇನೇ ಕೇಳ್ಬೇಕಿತ್ತು!" ಅಂದೆ.

ಆಟೋದವರು ಬಿದ್ದು ಬಿದ್ದು ನಕ್ಕರು. ನಗು ಕೇಳಿ ಬೀದಿಯವರೂ ಬಾಗಿಲಿಗೆ ಬಂದು ನಿಂತರು. ನೀರು ಬೆರೆಸಬೇಕು, ಎಷ್ಟು ಅಂತ ಯಾರಾದರೂ ರುಚಿ ನೋಡಿ ಹೇಳಬೇಕು. "ನನ್ ನಾಲಿಗೆ ಸತ್ತೋಯ್ತು ಕಣ್ರಮ್ಮ" ಅಂತ ಮೇಷ್ಟ್ರು ದೂರ ಸರಿದರು. ನಾನು ಒಂದು ಬಿಂದಿಗೆ ನೀರು ಹುಯ್ದು ತಿರುವಿದೆ. ಅಡುಗೆಮನೆಯಲ್ಲಿ ಸೊಸೆಯ ಮುಂದೆ ಚಾಚುವ ಹಾಗೆ ಅಂಗಡಿಯಮ್ಮ ಕೈ ಚಾಚಿದಳು. ಅವಳ ಅಂಗೈ ಕೆಳಗೆ, ನನ್ನ ಸೌಟು ಮೇಲೆ. ಹುಯ್ದೆ. ಸೊರ್ರನೆ ಹೀರಿ, "ಇನ್ನೂ ಬೇಕು ಹುಯ್ಯೇ" ಅಂದಳು. ಹುಯ್ದೆ. ಮತ್ತೆ ಹೀರಿದಳು. "ಹ್ಞೂಂ, ಈಗ ಸರ್ಯಾಗೈತೆ..."

ಆಗ ಅವಳಿಗೆ ಅರಿವಾಯಿತು. ಕೈ ಹಾಗೇ ಗಾಳಿಯಲ್ಲಿ ನಿಂತಿತು. ಬಾಗಿಲಲ್ಲಿ ನಿಂತವರೆಲ್ಲ ಅವಳನ್ನೇ ನೋಡುತ್ತಿದ್ದರು. ನಾನು ಸೌಟು ಹಿಡಿದು ನಿಂತಿದ್ದೆ. ಅವಳು ಉಗುಳಿದ್ದರೆ ನಾನು ಅವತ್ತೇ ಚಪ್ಪರ ಬಿಟ್ಟು ಹೋಗುತ್ತಿದ್ದೆ, ಮತ್ತೆ ಆ ಬೀದಿಗೆ ಕಾಲಿಡುತ್ತಿರಲಿಲ್ಲ. ಮೇಷ್ಟ್ರು ಬಾಯಿ ತೆರೆಯಲಿಲ್ಲ. ಬೇರೆ ಯಾರಾದರೂ ಆಗಿದ್ದರೆ ಚಪ್ಪಾಳೆ ತಟ್ಟಿ ಕೆಲಸ ಕೆಡಿಸುತ್ತಿದ್ದರು.

ಅವಳು ಕೈಯನ್ನು ಸೆರಗಿಗೆ ಒರೆಸಿಕೊಂಡಳು. ಬೀದಿಯ ಕಡೆ ತಿರುಗಿ ಗದರಿದಳು. "ಏನ್ ಕೋಡಂಗಿ ಕುಣೀತೈತೆ ಅಂತ ನಿಂತವ್ರೆ ಎಲ್ರೂವೆ? ನಾನೇ ಕುಡ್ದಿದೀನಿ, ನಿಮ್ದೇನು ಹೆಚ್ಚು? ಬಂದು ಕುಡೀರಿ!"

ಬಂದರು. ಮೊದಲು ಒಬ್ಬರು, ಆಮೇಲೆ ಮಕ್ಕಳು, ಆಮೇಲೆ ಹೆಂಗಸರು. ಲೋಟ ನನ್ನ ಕೈಯಿಂದ ಅವರ ಕೈಗೆ ಹೋಯಿತು. ಸಂಜೆಗೆ ಪಾತ್ರೆ ಬರಿದಾಗಿತ್ತು.

ಅವತ್ತಿನಿಂದ ಎಲ್ಲ ಸರಿಹೋಯಿತು ಅಂತ ಸುಳ್ಳು ಹೇಳಲಾರೆ. ಮೂಲೆಮನೆಯವರಿಗೆ ಇವತ್ತಿಗೂ ಈಗ ತಾನೇ ಕಾಫಿ ಆಗಿರುತ್ತದೆ. ಅಂಗಡಿಯಮ್ಮ ನನ್ನನ್ನು ಹೊಸಿಲು ದಾಟಿಸಲು ಇನ್ನೂ ಕಾಲ ಹಿಡಿಯಿತು. ಆದರೆ ದಾಟಿಸಿದಳು. ಈಗ ಅವಳ ಮನೆ ಹಿತ್ತಿಲಲ್ಲಿ ಕೂತು ಇಬ್ಬರೂ ಅವರೆಕಾಯಿ ಸುಲಿಯುತ್ತೇವೆ, ಜಗಳಾಡುತ್ತೇವೆ.

ಮೇಷ್ಟ್ರು ಕಾಯಿಲೆ ಬಿದ್ದ ಮೇಲೆ ಕುಣಿಗಲ್‌ಗೆ, ಮಗಳ ಮನೆಗೆ ಹೋದರು. ಅಲ್ಲೇ ತೀರಿಕೊಂಡರು. ನಮಗೆ ಸುದ್ದಿ ಬಂದದ್ದು ತಿಥಿ ಮುಗಿದ ಮೇಲೆ, ಮುಖ ನೋಡಲಾಗಲಿಲ್ಲ. ಅಂಗಡಿಯಮ್ಮ ಅತ್ತಳು, ಅವಳಿಗೆ ಅಳು ಬೇಗ. ನಾನು ಅಳಲಿಲ್ಲ. ನನಗೂ ಆಸೆಯಿತ್ತು ಅಂತ ಅವರಿಗೆ ಒಂದು ಮಾತು ಹೇಳಬಹುದಿತ್ತು... ಅವರಿಗೆ ಗೊತ್ತಿತ್ತೇನೋ. ಗೊತ್ತಿಲ್ಲದೆ ನನ್ನ ಮನೆ ಬಾಗಿಲಿಗೆ ಯಾಕೆ ಬರುತ್ತಿದ್ದರು?

ಸಮಿತಿ ಈಗಲೂ ಇದೆ. ಹೊಸಬರು ಬಂದಿದ್ದಾರೆ, ಓದಿದ ಮಕ್ಕಳು, ಮಾತು ಸ್ವಲ್ಪ ಜಾಸ್ತಿ. ಮೊನ್ನೆ ನರ್ಸಮ್ಮ ಬಂದಿದ್ದರು. ಗುಬ್ಬಿಯಲ್ಲಿ ಒಬ್ಬ ಮಂಗಳಮುಖಿ ಇಡ್ಲಿ ಅಂಗಡಿ ಇಡಬೇಕು ಅಂತ ಇದ್ದಾಳಂತೆ. ಮಳಿಗೆಯವಳು ಮೊದಲು ಒಪ್ಪಿ, ಅಕ್ಕಪಕ್ಕದವರು ಏನಂತಾರೋ ಅಂತ ಹೆದರಿ, ಈಗ ಬೀಗ ಹಾಕಿದ್ದಾಳಂತೆ. ಆ ಮಳಿಗೆಯವಳು ಅಂಗಡಿಯಮ್ಮನಿಗೆ ದೂರದ ಸಂಬಂಧಿ.

"ನಡಿಯೇ, ಹೋಗಿ ಬರಾನ. ನಾನೊಬ್ಳೇ ಹೋದ್ರೆ ಜಗಳ ಆಡ್ಕೊಂಡ್ ಬತ್ತೀನಿ" ಅಂದಳು ಅಂಗಡಿಯಮ್ಮ.

"ನಾನ್ ಬಂದ್ರೆ ಇಬ್ರೂ ಸೇರಿ ಆಡ್ತೀವಿ" ಅಂದೆ.

ಮೇಷ್ಟ್ರಿದ್ದಿದ್ದರೆ ಒಬ್ಬರೇ ಹೋಗಿ ಕೂತು ಮಾತಾಡಿ ಬರುತ್ತಿದ್ದರು. ಅವರಷ್ಟು ತಾಳ್ಮೆ ನಮ್ಮಿಬ್ಬರದ್ದು ಕೂಡಿಸಿದರೂ ಆಗುವುದಿಲ್ಲ. ಆದರೆ ಆ ಮನುಷ್ಯ ಇಲ್ಲ, ಇಡ್ಲಿ ಹುಯ್ಯಬೇಕಾದವಳು ಅಲ್ಲಿ ಬೀಗ ನೋಡಿಕೊಂಡು ಕೂತಿದ್ದಾಳೆ. ನಾಳೆ ಬೆಳಿಗ್ಗೆ ಗುಬ್ಬಿ ಬಸ್ಸು ಹತ್ತುತ್ತೇವೆ.